ನೆರೆಯವರ ಗ್ರಂಥ ಓದಿದ ಪಾದ್ರಿ ಮೇಷ್ಟ್ರು

ಚಳಿಗಾಲ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಡಗರ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಮಕ್ಕಳನ್ನು ಮೇಷ್ಟ್ರುಗಳು ಮೊದಲು ಕರೆದೊಯ್ಯುವುದು ಆನೆಗೊಂದಿಗೆ. ಅಂಜನಾದ್ರಿಯ ಮೆಟ್ಟಿಲು ಹತ್ತಿ, ಪಂಪಾಸರೋವರ ನೋಡಿ, ತುಂಗಭದ್ರೆಯ ನಡುಗಡ್ಡೆಯಲ್ಲಿರುವ ನವಬೃಂದಾವನದ ಕಥೆ ಕೇಳಿ ಮಕ್ಕಳು ಸಂಜೆಗೆ ಮನೆಗೆ ಮರಳುತ್ತಾರೆ. ಆ ಗುಂಪಿನಲ್ಲಿ ನಮ್ಮ ಕಥೋಲಿಕ ಮನೆಗಳ ಮಕ್ಕಳೂ ಇರುತ್ತಾರೆ. ರಾತ್ರಿ ಊಟಕ್ಕೆ ಕುಳಿತಾಗ ಪ್ರಶ್ನೆ ಬರುತ್ತದೆ: "ಯವ್ವಾ, ಆ ಬೃಂದಾವನದಾಗ ಯಾರದಾರ? ಅವರ ಹಾಡು ನಾವು ಕಲಿತರ ತಪ್ಪೇನು?"

ಇದಕ್ಕೆ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳಿವೆ. ಒಂದು, "ಅದು ನಮ್ಮದಲ್ಲ, ಸುಮ್ಮನ ಉಣ್ಣು". ಇನ್ನೊಂದು, "ಎಲ್ಲಾ ಒಂದ, ಬಿಡು". ಮೊದಲನೆಯದರಲ್ಲಿ ಭಯವಿದೆ, ಎರಡನೆಯದರಲ್ಲಿ ಉದಾಸೀನವಿದೆ. ಎರಡರಲ್ಲೂ ಮಗುವಿನ ಪ್ರಶ್ನೆಗೆ ಉತ್ತರವಿಲ್ಲ. ಆ ನಡುಗಡ್ಡೆಯಲ್ಲಿ ಮಾಧ್ವ ಪರಂಪರೆಯ ಒಂಬತ್ತು ಮಂದಿ ಯತಿಗಳ ಬೃಂದಾವನಗಳಿವೆ. ಅವರಲ್ಲಿ ಒಬ್ಬರು ವ್ಯಾಸರಾಯರು, ಪುರಂದರದಾಸರ ಗುರುಗಳು. ಸಂಗೀತ ಕಲಿಯಲು ಹೋಗುವ ನಮ್ಮ ಮಕ್ಕಳು ಮೊದಲು ಹಾಡುವುದು ಪುರಂದರದಾಸರ ಗೀತೆಗಳನ್ನೇ. ಹಾಡು ನಮ್ಮ ಮನೆಯೊಳಗೆ ಬಂದಿದೆ. ಅದರ ಹಿಂದಿನ ಮನುಷ್ಯರ ಪರಿಚಯ ಮಾತ್ರ ನಮಗಿಲ್ಲ. 2019ರ ಜುಲೈಯಲ್ಲಿ ನಿಧಿಯ ಆಸೆಗೆ ದುಷ್ಕರ್ಮಿಗಳು ವ್ಯಾಸರಾಯರ ಬೃಂದಾವನವನ್ನೇ ಅಗೆದು ಕೆಡವಿದಾಗ ನೆರೆಹೊರೆಯವರಿಗೆ ಎಷ್ಟು ನೋವಾಯಿತೆಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಅರ್ಥವಾಗಿತ್ತು?

ನೆರೆಯವರು ಪವಿತ್ರವೆಂದು ನಂಬಿದ್ದನ್ನು ಒಬ್ಬ ಕ್ರೈಸ್ತನು ಹೇಗೆ ಓದಬೇಕು, ಎಷ್ಟರಮಟ್ಟಿಗೆ ಓದಬೇಕು ಎಂಬ ಈ ಪ್ರಶ್ನೆಯನ್ನು ಇಡೀ ಬಾಳಿನುದ್ದಕ್ಕೂ ಎದುರಿಸಿದ ಒಬ್ಬರ ಕಥೆಯನ್ನು ಈ ವಾರದ ಪಾಠಕ್ಕೆ ತೆಗೆದುಕೊಳ್ಳೋಣ. ಅವರು ಕಥೋಲಿಕರಲ್ಲ, ಆಂಗ್ಲಿಕನ್ ಸಭೆಯ ಪಾದ್ರಿ. ವೃತ್ತಿಯಿಂದ ಶಾಲೆಯ ಮೇಷ್ಟ್ರು. ನಮ್ಮ ಬೆಂಗಳೂರಿನಲ್ಲಿ ಸುಮಾರು ಹತ್ತು ವರ್ಷ ಶಾಲೆ ನಡೆಸಿದವರು. ಹೆಸರು ಜಾರ್ಜ್ ಉಗ್ಲೋ ಪೋಪ್. ಪೋಪ್ ಎಂಬುದು ಕೇವಲ ಮನೆತನದ ಹೆಸರು. ರೋಮಿನ ಜಗದ್ಗುರುಗಳ ಪೀಠಕ್ಕೂ ಇವರಿಗೂ ಸಂಬಂಧ ಹುಡುಕಬೇಕಾಗಿಲ್ಲ.

ಪೋಪ್ ಹುಟ್ಟಿದ್ದು 1820ರ ಏಪ್ರಿಲ್ 24ರಂದು, ಈಗ ಕೆನಡಾ ದೇಶಕ್ಕೆ ಸೇರಿರುವ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ. ತಂದೆತಾಯಿ ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. ಮಗು ಚಿಕ್ಕದಿದ್ದಾಗಲೇ ಕುಟುಂಬ ಇಂಗ್ಲೆಂಡಿಗೆ ಮರಳಿತು. ಮನೆಯವರು ಮೆಥೋಡಿಸ್ಟ್ ಪಂಥಕ್ಕೆ ಸೇರಿದವರು. ತಮ್ಮ ವಿಲಿಯಂ ಬರ್ಟ್ ಪೋಪ್ ಕೊನೆಯವರೆಗೂ ಆ ಪಂಥದಲ್ಲೇ ಉಳಿದು ಅದರ ಹೆಸರಾಂತ ದೈವಶಾಸ್ತ್ರಜ್ಞರಾದರು. ಅಣ್ಣ ಮಾತ್ರ ಆಂಗ್ಲಿಕನ್ ಸಭೆಗೆ ಸೇರಿದರು. ಒಂದೇ ಮನೆಯ ಅಣ್ಣತಮ್ಮಂದಿರು ಬೇರೆ ಬೇರೆ ಸಭೆಗಳಲ್ಲಿ ಸೇವೆ ಸಲ್ಲಿಸುವುದು ನಮ್ಮ ಊರುಗಳಲ್ಲೂ ಕಾಣದ ಸಂಗತಿಯೇನಲ್ಲ.

ಭಾರತಕ್ಕೆ ಹೋಗಬೇಕೆಂಬ ಹಂಬಲ ಹುಡುಗನಿಗೆ ಬಾಲ್ಯದಿಂದಲೇ ಇತ್ತು. 1837ರಲ್ಲಿ, ಹದಿನೇಳನೆಯ ವಯಸ್ಸಿನಲ್ಲಿ, ಇಂಗ್ಲೆಂಡಿನಲ್ಲಿದ್ದಾಗಲೇ ತಮಿಳಿನ ಮೊದಲ ಪಾಠ ಹೇಳಿಸಿಕೊಂಡರು. 1839ರಲ್ಲಿ ಮದರಾಸಿಗೆ ಬಂದಿಳಿದರು. 1843ರಲ್ಲಿ ಆಂಗ್ಲಿಕನ್ ದೀಕ್ಷೆ ಪಡೆದು ತಿರುನೆಲ್ವೇಲಿ ಸೀಮೆಯ ಸಾಯರ್‌ಪುರಂ ಎಂಬ ಊರಿಗೆ ಹೋಗಿ, ಅಲ್ಲಿನ ಸಭೆಗೆ ಬೇಕಾದ ಉಪದೇಶಿಗಳನ್ನೂ ಉಪಾಧ್ಯಾಯರನ್ನೂ ತಯಾರಿಸುವ ಶಾಲೆಯನ್ನು ಕಟ್ಟಿದರು. ಆಂಗ್ಲಿಕನ್ ಪಾದ್ರಿಗಳು ಮದುವೆಯಾಗಬಹುದೆಂಬುದು ಓದುಗರಿಗೆ ತಿಳಿದಿರುವುದೇ. ಪೋಪ್ ಮದುವೆಯಾಗಿ ಕೆಲವೇ ವರ್ಷಗಳಲ್ಲಿ, 1845ರಲ್ಲಿ, ಮಡದಿ ತೀರಿಕೊಂಡರು. ಮುಂದೆ ಎರಡನೆಯ ಮದುವೆಯಾಯಿತು. ಕೆಲಕಾಲ ಇಂಗ್ಲೆಂಡಿಗೆ ಹೋಗಿದ್ದಾಗ ಆಕ್ಸ್‌ಫರ್ಡ್ ಚಳವಳಿಯ ಮುಖಂಡರ ಒಡನಾಟ ದೊರೆಯಿತು. ಆಂಗ್ಲಿಕನ್ ಸಭೆಯನ್ನು ಪ್ರಾಚೀನ ಧರ್ಮಸಭೆಯ ಆರಾಧನೆ, ಸಂಸ್ಕಾರಗಳ ಕಡೆಗೆ ಮರಳಿ ಒಯ್ಯಬೇಕೆಂದು ಬಯಸಿದ ಚಳವಳಿ ಅದು. 2019ರಲ್ಲಿ ಸಂತ ಪದವಿಗೇರಿದ ಕಾರ್ಡಿನಲ್ ನ್ಯೂಮನ್ನರು ಅದೇ ಚಳವಳಿಯಿಂದ 1845ರಲ್ಲಿ ಕಥೋಲಿಕ ಧರ್ಮಸಭೆಗೆ ಬಂದವರು. ಪೋಪ್ ಭೇಟಿಯಾದವರಲ್ಲಿ ಒಬ್ಬರಾದ ಮ್ಯಾನಿಂಗ್ ಕೂಡ 1851ರಲ್ಲಿ ಕಥೋಲಿಕರಾಗಿ ಮುಂದೆ ಕಾರ್ಡಿನಲ್ ಆದರು. ಪೋಪ್ ಮಾತ್ರ ಆಂಗ್ಲಿಕನ್ನರಾಗಿಯೇ ಉಳಿದು ತಂಜಾವೂರಿಗೆ ಮರಳಿದರು.

ತಂಜಾವೂರಿನ ಅಧ್ಯಾಯ ಸುಖದ್ದಲ್ಲ. ಅಲ್ಲಿ ಹಳೆಯ ಲುಥೆರನ್ ಕ್ರೈಸ್ತರಿದ್ದರು. ಸಭೆಯೊಳಗೆ ಜಾತಿಯ ಆಚಾರಗಳು ಇರಬಹುದೇ ಕೂಡದೇ ಎಂಬ ಬಗ್ಗೆ ಲುಥೆರನ್ ಮಿಷನರಿಗಳಿಗೂ ಆಂಗ್ಲಿಕನ್ನರಿಗೂ ತೀವ್ರ ಭಿನ್ನಾಭಿಪ್ರಾಯವಿತ್ತು. ಪೋಪ್ ಆ ಜಗಳದಲ್ಲಿ ಸುಮ್ಮನೆ ಕೂರಲಿಲ್ಲ. 1853ರಲ್ಲಿ ಲುಥೆರನ್ನರ ವಿರುದ್ಧ ಖಾರವಾದ ಒಂದು ಹೊತ್ತಿಗೆಯನ್ನೇ ಬರೆದರು. ಜಾತಿಯ ವಿಷಯದಲ್ಲಿ ಅವರ ನಿಲುವು ಸರಿಯೇ ಇದ್ದಿರಬಹುದು. ಆದರೆ ಅನ್ಯ ಸಭೆಯವರೊಡನೆ ಅವರು ನಡೆಸಿದ ವಾದದ ರೀತಿ ನೋಡಿದರೆ, ಮುಂದೆ ಶೈವ ಭಕ್ತನೊಬ್ಬನ ಹಾಡುಗಳನ್ನು ಕೈಮುಗಿದು ಎತ್ತಿಕೊಂಡವರು ಇವರೇನಾ ಎಂದು ಆಶ್ಚರ್ಯವಾಗುತ್ತದೆ. ಕೊನೆಗೆ ಮಿಷನ್ ಕೆಲಸವನ್ನೇ ಬಿಟ್ಟು ನೀಲಗಿರಿ ಬೆಟ್ಟ ಹತ್ತಿದರು. ಊಟಿಯಲ್ಲಿ ಶಾಲೆಯೊಂದನ್ನು ತೆರೆದು 1870ರವರೆಗೆ ಅದರ ಮುಖ್ಯೋಪಾಧ್ಯಾಯರಾಗಿದ್ದರು.

ಬಹಳ ಬಿಗಿಯಾದ ಮೇಷ್ಟ್ರೆಂದು ಅವರ ಹೆಸರು. ಬೆತ್ತ ಕೈಯಲ್ಲೇ ಇರುತ್ತಿತ್ತು. ಆ ಕಾಲದಲ್ಲಿ ಅದನ್ನು ಗುಣವೆಂದೇ ಎಣಿಸುತ್ತಿದ್ದರು. ಈಗ 2009ರ ಶಿಕ್ಷಣ ಹಕ್ಕು ಕಾಯ್ದೆ ಮಕ್ಕಳಿಗೆ ಹೊಡೆಯುವುದನ್ನು ನಿಷೇಧಿಸಿದೆ. ದೊಡ್ಡವರ ಚರಿತ್ರೆ ಹೇಳುವಾಗ ಇಂಥವನ್ನು ಮುಚ್ಚಿಡುವುದು ನನಗೆ ಸರಿಕಾಣುವುದಿಲ್ಲ.

ಇನ್ನು ಬೆಂಗಳೂರಿನ ಮಾತು. 1865ರಲ್ಲಿ ಸೇಂಟ್ ಮಾರ್ಕ್ಸ್ ದೇವಾಲಯದ ಪಾದ್ರಿ ಸ್ಯಾಮ್ಯುಯಲ್ ಥಾಮಸ್ ಪೆಟಿಗ್ರೂ ಎಂಬವರು ಹೈಗ್ರೌಂಡ್ಸ್‌ನ ಒಂದು ಬಂಗಲೆಯಲ್ಲಿ ಬಿಷಪ್ ಕಾಟನ್ ಶಾಲೆಯನ್ನು ಆರಂಭಿಸಿದ್ದರು. ಶಾಲೆಗೆ ಹೆಸರು ಬಂದದ್ದು ಕಲ್ಕತ್ತೆಯ ಆಂಗ್ಲಿಕನ್ ಧರ್ಮಾಧ್ಯಕ್ಷ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಅವರಿಂದ. ಅವರೂ ಮೂಲತಃ ಮೇಷ್ಟ್ರೇ. ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಪಾಠ ಹೇಳಿ, ಮಾರ್ಲ್‌ಬರೋ ಶಾಲೆಯನ್ನು ಎತ್ತಿ ನಿಲ್ಲಿಸಿ, 1858ರಲ್ಲಿ ಧರ್ಮಾಧ್ಯಕ್ಷರಾಗಿ ಭಾರತಕ್ಕೆ ಬಂದಿದ್ದರು. ಇಲ್ಲಿ ನೆಲೆಸಿದ ಯೂರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ಮನೆಗಳ ಮಕ್ಕಳಿಗೆ ಶಾಲೆಗಳಿಲ್ಲವೆಂಬುದು ಅವರ ಚಿಂತೆ. 1866ರ ಅಕ್ಟೋಬರಿನಲ್ಲಿ ಬಂಗಾಳದ ಕುಷ್ಟಿಯಾದಲ್ಲಿ ದೋಣಿಗೆ ಹತ್ತುವಾಗ ಕಾಲುಜಾರಿ ನದಿಗೆ ಬಿದ್ದು ತೀರಿಕೊಂಡರು.

ಪೆಟಿಗ್ರೂ ಆರಂಭಿಸಿದ ಶಾಲೆ ಮೊದಲ ಕೆಲವು ವರ್ಷ ಕುಂಟುತ್ತಲೇ ಸಾಗಿತು. 1871ರಲ್ಲಿ ಪೋಪ್ ಬಂದು ಅಧಿಕಾರ ವಹಿಸಿಕೊಂಡ ಮೇಲೆ ಅದು ಈಗಿರುವ ಸೇಂಟ್ ಮಾರ್ಕ್ಸ್ ರಸ್ತೆಯ ಜಾಗಕ್ಕೆ ಬಂತು. ಕಾಲೇಜು ವಿಭಾಗ ಸೇರಿತು, ಮದರಾಸು ವಿಶ್ವವಿದ್ಯಾನಿಲಯದ ಮಾನ್ಯತೆ ದೊರೆಯಿತು. ಅದರ ಜೊತೆಗೆ ರಿಚ್ಮಂಡ್ ಟೌನಿನ ಆಲ್ ಸೇಂಟ್ಸ್ ದೇವಾಲಯದ ಮೊದಲ ಪಾದ್ರಿಯೂ ಅವರೇ. ನಮ್ಮ ಸೇಂಟ್ ಜೋಸೆಫ್ಸ್ ಶಾಲೆ ಅಷ್ಟರಲ್ಲಿ ಅದೇ ದಂಡುಪ್ರದೇಶದಲ್ಲಿ ನಡೆಯುತ್ತಿತ್ತು. ಎರಡೂ ಶಾಲೆಗಳ ಹುಡುಗರ ನಡುವೆ ಆಟದಲ್ಲಿ ಬೆಳೆದ ಪೈಪೋಟಿ ಬೆಂಗಳೂರಿನವರಿಗೆ ಚಿರಪರಿಚಿತ. ಅವರು ಆಡುವ ಪಂದ್ಯಕ್ಕೆ ಪೆಟಿಗ್ರೂ–ಲೊಯೋಲ ಎಂಬ ಹೆಸರೇ ಇದೆ. ಆಂಗ್ಲಿಕನ್ ಪಾದ್ರಿಯೂ ಯೇಸುಸಭೆಯ ಸಂತ ಇಗ್ನಾಸಿಯವರೂ ಜೊತೆಯಾಗಿ ನಿಂತಿರುವ ಹೆಸರು ಬೇರೆಲ್ಲಾದರೂ ಇದೆಯೋ ಕಾಣೆ.

ಈ ವರ್ಷಗಳಲ್ಲಿ ಪೋಪ್ ಶಾಲೆಯಲ್ಲಿ ಹೇಳುತ್ತಿದ್ದದ್ದು ಇಂಗ್ಲಿಷ್ ಮಕ್ಕಳಿಗೆ ಇಂಗ್ಲಿಷಿನಲ್ಲಿ ಪಾಠ. ಅದರ ನಡುವೆಯೇ ಬರವಣಿಗೆ ಸಾಗಿತ್ತು. 1871ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸದ ಪಠ್ಯಪುಸ್ತಕ; ವಂಶಾವಳಿ, ಭೂಗೋಳದ ಟಿಪ್ಪಣಿ, ಪರೀಕ್ಷೆಯ ಪ್ರಶ್ನೆ ಎಲ್ಲವನ್ನೂ ಸೇರಿಸಿದ, ಪಕ್ಕಾ ಮೇಷ್ಟ್ರ ಪುಸ್ತಕ ಅದು. 1873ರಲ್ಲಿ ನೀಲಗಿರಿಯ ತೋಡರ ನುಡಿಗೆ ಚಿಕ್ಕ ವ್ಯಾಕರಣ. ಕನ್ನಡಿಗರಾದ ನಾವು ಈ ವ್ಯಾಕರಣವನ್ನು ನೆನೆಯಬೇಕು. ಬರಹವಿಲ್ಲದ, ಕೆಲವೇ ನೂರು ಜನ ಆಡುವ ಆ ನುಡಿಯನ್ನು ಕಿವಿಗೊಟ್ಟು ಕೇಳಿದ ಪೋಪ್, ಅದರ ಮೂಲ ಹಳಗನ್ನಡವೇ ಇರಬೇಕು, ತೋಡರು ಕನ್ನಡ ನಾಡಿನಿಂದ ಬೆಟ್ಟಕ್ಕೆ ಹೋದವರಿರಬೇಕು ಎಂದು ಊಹಿಸಿದರು. ಊಹೆ ನಿಲ್ಲಲಿಲ್ಲ. ತೋಡ ಭಾಷೆ ಕನ್ನಡ, ತಮಿಳುಗಳಂತೆಯೇ ದ್ರಾವಿಡ ಕುಟುಂಬದ ಸ್ವತಂತ್ರ ನುಡಿಯೆಂದು ಮುಂದಿನ ಭಾಷಾವಿದ್ವಾಂಸರು ತೋರಿಸಿದ್ದಾರೆ. ಅವರು ಬೆಂಗಳೂರಿನಲ್ಲಿದ್ದ ಅದೇ ವರ್ಷಗಳಲ್ಲಿ ಬಾಸೆಲ್ ಮಿಷನ್ನಿನ ಕಿಟ್ಟೆಲ್ಲರು ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದಸ್ಸನ್ನೂ ಅಚ್ಚು ಹಾಕಿಸುತ್ತಿದ್ದರು. ಕನ್ನಡಕ್ಕೆ ಕಿಟ್ಟೆಲ್ ಹೇಗೋ ತಮಿಳಿಗೆ ಪೋಪ್ ಹಾಗೆ. ಹತ್ತು ವರ್ಷ ನಮ್ಮ ನೀರು ಕುಡಿದವರು ಒಂದಿಷ್ಟು ಕನ್ನಡದ ಕಡೆಗೂ ತಿರುಗಿದ್ದರೆ ಎಂಬ ಆಸೆ ನಮಗಾದರೆ ತಪ್ಪಿಲ್ಲ.

ಬೆಂಗಳೂರಿನ ವರ್ಷಗಳಲ್ಲಿಯೇ, 1879ರಲ್ಲಿ, ಅವರು ಹಿಂದೆ 1862ರಲ್ಲಿ ಟಿಪ್ಪಣಿ ಸಹಿತ ಹೊರತಂದಿದ್ದ ಇನ್ನೊಂದು ಪುಸ್ತಕ ಮತ್ತೆ ಅಚ್ಚಾಯಿತು. ಅದರ ಮೂಲ ಲೇಖಕರು ನಮ್ಮವರೇ: ಮೈಸೂರು ಸೀಮೆಯ ಕಥೋಲಿಕರು ದೊಡ್ಡ ಸ್ವಾಮಿಯವರೆಂದು ನೆನೆಯುವ ಅಬ್ಬೆ ದುಬ್ವಾ. ಟಿಪ್ಪು ಸುಲ್ತಾನನ ಪತನದ ನಂತರ ಶ್ರೀರಂಗಪಟ್ಟಣಕ್ಕೆ ಬಂದು, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಿ, ಹಾಸನದ ಬಳಿ ಸತ್ತಿಹಳ್ಳಿಯಲ್ಲಿ ರೈತರಿಗೆ ನೆಲೆ ಮಾಡಿಕೊಟ್ಟು, ಸಿಡುಬಿಗೆ ಲಸಿಕೆ ಹಾಕಿಸಲು ಊರೂರು ಅಲೆದ ಫ್ರೆಂಚ್ ಗುರುಗಳು. ಕಾವಿಯಂಥ ಉಡುಪು ತೊಟ್ಟು, ಮಾಂಸ ಬಿಟ್ಟು, ಜನರ ನಡುವೆ ಮೂವತ್ತು ವರ್ಷ ಬಾಳಿದವರು. ಆದರೂ ಹಿಂದೂ ಧರ್ಮಾಚರಣೆಗಳ ಬಗ್ಗೆ ಅವರು ಬರೆದ ಪುಟಗಳಲ್ಲಿ ಕನಿಕರಕ್ಕಿಂತ ತಿರಸ್ಕಾರವೇ ಹೆಚ್ಚು. ಅದರಲ್ಲಿನ ಬಹಳಷ್ಟು ವಿಷಯ ಅವರಿಗಿಂತ ಹಿಂದಿನ ಯೇಸುಸಭೆಯ ಗುರು ಕೇರ್ದೂ ಅವರ ಹಸ್ತಪ್ರತಿಯಿಂದ ಬಂದದ್ದೆಂದು 1980ರ ದಶಕದ ಸಂಶೋಧನೆ ತೋರಿಸಿದೆ. 1823ರಲ್ಲಿ ದುಬ್ವಾ ಫ್ರಾನ್ಸಿಗೆ ಮರಳಿದಾಗ, ಈ ದೇಶದಲ್ಲಿ ಶುಭಸಂದೇಶ ಬೇರೂರುವ ಭರವಸೆಯೇ ಅವರಿಗೆ ಉಳಿದಿರಲಿಲ್ಲ. ಜನರ ಸೇವೆಯಲ್ಲಿ ಅವರ ಸಮಾನರು ಕಡಿಮೆ. ಜನರ ಭಕ್ತಿಯನ್ನು ಒಳಗಿನಿಂದ ಓದುವುದು ಮಾತ್ರ ಅವರಿಗೆ ಒಲಿಯಲಿಲ್ಲ. ನೆರೆಯವರೊಡನೆ ಇದ್ದುಬಿಟ್ಟರೆ ಸಾಲದು, ಅವರ ಮಾತನ್ನು ಕಲಿತು ಕೇಳಬೇಕು ಎಂಬುದು ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನ್ನಿಸಿದ್ದು.

1880ರ ದಶಕದ ಆರಂಭದಲ್ಲಿ ಪೋಪ್ ಭಾರತ ಬಿಟ್ಟರು. ಆಗ ವಯಸ್ಸು ಅರವತ್ತು ದಾಟಿತ್ತು. ಬೇರೆಯವರು ವಿಶ್ರಾಂತಿ ಬಯಸುವ ಆ ವಯಸ್ಸಿನಲ್ಲಿ ಅವರ ನಿಜವಾದ ಕೆಲಸ ಆರಂಭವಾಯಿತು. 1884ರಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ತಮಿಳು ಮತ್ತು ತೆಲುಗಿನ ಉಪಾಧ್ಯಾಯರಾದರು. 1886ರಲ್ಲಿ ತಿರುಕ್ಕುರಳ್ ಇಂಗ್ಲಿಷ್ ಅನುವಾದ ಹೊರಬಂತು. 133 ಅಧಿಕಾರಗಳು, 1330 ದ್ವಿಪದಿಗಳು; ಪ್ರತಿಯೊಂದಕ್ಕೂ ಅನುವಾದ, ಜೊತೆಗೆ ಟಿಪ್ಪಣಿ, ಪದಕೋಶ. ನಮ್ಮ ಸರ್ವಜ್ಞನಂತೆ ಜನರ ಬಾಯಲ್ಲಿ ನೆಲೆಸಿದ ಕವಿ ವಳ್ಳುವರ್. 2009ರ ಆಗಸ್ಟ್ ತಿಂಗಳಲ್ಲಿ ಬೆಂಗಳೂರಿನ ಹಲಸೂರು ಕೆರೆಯ ಬಳಿ ಅವರ ಪ್ರತಿಮೆಯೂ ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆಯೂ ಅನಾವರಣಗೊಂಡದ್ದು ಓದುಗರಿಗೆ ನೆನಪಿರಬಹುದು.

ಈ ಅನುವಾದದ ವಿಷಯದಲ್ಲಿ ಕಥೋಲಿಕರು ಹೆಮ್ಮೆಪಡುವ ಮಾತೊಂದಿದೆ. ಪೋಪ್‌ಗಿಂತ ಒಂದೂವರೆ ಶತಮಾನ ಮೊದಲೇ, ತಮಿಳರು ವೀರಮಾಮುನಿವರ್ ಎಂದು ಕರೆಯುವ ಯೇಸುಸಭೆಯ ಗುರು ಬೆಸ್ಕಿ, ಕುರಳಿನ ಮೊದಲ ಎರಡು ಭಾಗಗಳನ್ನು ಲತೀನ್ ಭಾಷೆಗೆ ತಂದಿದ್ದರು. ಪೋಪ್ ಅದನ್ನು ಮರೆಮಾಚಲಿಲ್ಲ. ತಮ್ಮ ಪುಸ್ತಕದ ಟಿಪ್ಪಣಿಗಳಲ್ಲಿಯೇ ಬೆಸ್ಕಿಯವರ ಲತೀನನ್ನು ಮರುಮುದ್ರಿಸಿದರು. ತಂಜಾವೂರಿನಲ್ಲಿ ಲುಥೆರನ್ನರ ಮೇಲೆ ಹರಿಹಾಯ್ದ ಪಾದ್ರಿ ಇಲ್ಲಿ ರೋಮನ್ ಕಥೋಲಿಕ ಗುರುವೊಬ್ಬರನ್ನು ತಮ್ಮ ಪುಟಗಳಲ್ಲಿ ಜೊತೆಗೆ ಕೂರಿಸಿಕೊಂಡಿದ್ದಾರೆ.

ಆದರೆ ಅದೇ ಪುಸ್ತಕದ ಪೀಠಿಕೆಯಲ್ಲಿ ಅವರು ಎಡವಿದ್ದೂ ಉಂಟು. ವಳ್ಳುವರ್ ಮೈಲಾಪುರದವರೆಂಬುದು ಪ್ರತೀತಿ. ಮೈಲಾಪುರ ಸಂತ ತೋಮರ ನೆನಪಿನ ಕ್ಷೇತ್ರ. ಆದ್ದರಿಂದ ಕವಿ ಅಲ್ಲಿನ ಕ್ರೈಸ್ತರೊಡನೆ ಮಾತಾಡಿ ಯೇಸುಸ್ವಾಮಿಯ ಬೋಧನೆಯನ್ನು ಕೇಳಿರಬೇಕೆಂದು ಪೋಪ್ ಊಹಿಸಿದರು. ಅದಕ್ಕಾಗಿ ಕವಿಯ ಕಾಲವನ್ನೂ ಕ್ರಿ.ಶ. 800ರ ಈಚೆಗೆ ಎಳೆದರು. ಇದಕ್ಕೆ ಆಧಾರವಿಲ್ಲವೆಂದು ವಿದ್ವಾಂಸರು ತಳ್ಳಿಹಾಕಿದ್ದಾರೆ. ಪರರ ಮನೆಯಲ್ಲಿ ಒಳ್ಳೆಯ ವಸ್ತು ಕಂಡರೆ ಅದು ನಮ್ಮ ಮನೆಯಿಂದಲೇ ಹೋಗಿರಬೇಕೆಂದು ಎಣಿಸುವ ಚಾಳಿ ಭಕ್ತಿವಂತರಿಗೆ ಇದ್ದದ್ದೇ. ನಮ್ಮ ನಡುವೆಯೂ ವಚನಗಳಲ್ಲಿ, ದಾಸರ ಪದಗಳಲ್ಲಿ ಬೈಬಲ್ಲಿನ ಪ್ರಭಾವ ಹುಡುಕಿ ಸಂತೋಷಪಡುವವರು ಇದ್ದಾರೆ. ನೆರೆಯವರನ್ನು ಗೌರವಿಸುವುದೆಂದರೆ ಅವರ ಒಳ್ಳೆಯತನವನ್ನು ಅವರದೆಂದೇ ಒಪ್ಪುವುದು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ ನೊಸ್ತ್ರಾ ಎತಾತೆ ಘೋಷಣೆ, ಅನ್ಯಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ಸಾರಿದೆ. ಕ್ರಿಸ್ತರನ್ನು ಸಾರುವ ಕರ್ತವ್ಯವನ್ನೂ ಅದೇ ಘೋಷಣೆ ಅದೇ ಉಸಿರಿನಲ್ಲಿ ನೆನಪಿಸುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯುವುದು ಕಷ್ಟವೆನಿಸಿದರೆ, ಪ್ರೇಷಿತರ ಕಾರ್ಯಕಲಾಪಗಳ 17ನೆಯ ಅಧ್ಯಾಯದಲ್ಲಿ ಸಂತ ಪೌಲರು ಅಥೆನ್ಸ್ ನಗರದವರೊಡನೆ ಮಾತಾಡುವ ರೀತಿಯನ್ನು ಮನೆಯಲ್ಲಿ ಓದಿ ನೋಡಬಹುದು. ಅವರು ಆ ಊರಿನ ಕವಿಗಳನ್ನೂ ಬಲ್ಲವರಾಗಿದ್ದರು.

ಪೋಪ್ ಕೊನೆಯದಾಗಿ ಕೈಗೆತ್ತಿಕೊಂಡದ್ದು ತಿರುವಾಚಕವನ್ನು. ಮಾಣಿಕ್ಕವಾಚಕರೆಂಬ ಶಿವಭಕ್ತರು ಕಣ್ಣೀರಿನಲ್ಲಿ ಹಾಡಿದ ಹಾಡುಗಳಿವು. ಬೇಲಿಯಲ್ ಕಾಲೇಜಿನ ಮುಖ್ಯಸ್ಥ ಬೆಂಜಮಿನ್ ಜೋವೆಟ್ ಅವರೊಡನೆ ಒಂದು ರಾತ್ರಿ ಅಂಗಳದಲ್ಲಿ ನಡೆದಾಡುವಾಗ, ಈ ವಯಸ್ಸಿನಲ್ಲಿ ಅಷ್ಟು ದೊಡ್ಡ ಕೆಲಸ ಮುಗಿಸುವ ನಂಬಿಕೆ ತಮಗಿಲ್ಲವೆಂದರಂತೆ ಪೋಪ್. ದೊಡ್ಡ ಕೆಲಸವೊಂದು ಕೈಯಲ್ಲಿದ್ದರೆ ಆಯುಸ್ಸು ತಾನಾಗಿ ಬೆಳೆಯುತ್ತದೆ, ಅದು ಮುಗಿಯುವವರೆಗೆ ನೀವು ಬದುಕಿರುತ್ತೀರಿ ಎಂಬರ್ಥದ ಉತ್ತರ ಜೋವೆಟ್ಟರದು. ಜೋವೆಟ್ 1893ರಲ್ಲಿ ಹೋದರು. ಪೋಪ್ ಕೆಲಸ ಮುಗಿಸಿ, ಪುಸ್ತಕದ ಮುನ್ನುಡಿಗೆ 1900ರ ಏಪ್ರಿಲ್ 24 ಎಂದು ದಿನಾಂಕ ಹಾಕಿದರು. ಅದು ಅವರ ಎಂಬತ್ತನೆಯ ಹುಟ್ಟುಹಬ್ಬ. 1837ರ ಮೊದಲ ತಮಿಳು ಪಾಠವನ್ನು ಆ ಮುನ್ನುಡಿಯಲ್ಲಿ ನೆನೆದಿದ್ದಾರೆ. ಅರವತ್ತಮೂರು ವರ್ಷದ ಓದು! ಅಷ್ಟೂ ಕಾಲ ಅವರು ಆಂಗ್ಲಿಕನ್ ಪಾದ್ರಿಯೇ. 1888ರಿಂದ ಅದೇ ಬೇಲಿಯಲ್ ಕಾಲೇಜಿನ ಪ್ರಾರ್ಥನಾಲಯದ ಸೇವೆಯಲ್ಲಿದ್ದರು. ಶಿವಭಕ್ತರ ಹಾಡು ಓದಿದ್ದರಿಂದ ಅವರ ವಿಶ್ವಾಸ ಕರಗಲಿಲ್ಲ. ಕರಗಿದ್ದು ತಂಜಾವೂರಿನ ಆ ಸಿಡುಕು.

1908ರ ಫೆಬ್ರವರಿಯಲ್ಲಿ ಪೋಪ್ ಆಕ್ಸ್‌ಫರ್ಡಿನಲ್ಲಿ ತೀರಿಕೊಂಡರು. ತಮ್ಮ ಗೋರಿಯ ಮೇಲೆ ತಮಿಳಿನ ವಿದ್ಯಾರ್ಥಿಯೆಂದು ಬರೆಸಬೇಕೆಂದು ಕೇಳಿಕೊಂಡಿದ್ದರೆಂಬ ಕಥೆ ತಮಿಳುನಾಡಿನಲ್ಲಿ ಬಹಳ ಪ್ರಚಲಿತ. ಸೇಂಟ್ ಸೆಪಲ್ಕರ್ ಸ್ಮಶಾನದ ಕಲ್ಲಿನ ಮೇಲೆ ಆ ಮಾತಿಲ್ಲ. ಕುಟುಂಬದವರೂ ದಕ್ಷಿಣ ಭಾರತದ ತಮಿಳು ಮಿತ್ರರೂ ಸೇರಿ ಈ ಕಲ್ಲನ್ನು ನಿಲ್ಲಿಸಿದರೆಂದು ಅದರಲ್ಲಿ ಕೆತ್ತಿದೆ. ನನಗಂತೂ ಆ ಕಥೆಗಿಂತ ಈ ಬರಹವೇ ಹೆಚ್ಚು ಬೆಲೆಯದೆಂದು ತೋರುತ್ತದೆ. 1968ರಲ್ಲಿ ಚೆನ್ನೈಯ ಕಡಲತೀರದಲ್ಲಿ ಅವರ ಪ್ರತಿಮೆ ನಿಂತಿತು. ಸಾಲಿನಲ್ಲಿ ಗುರು ಬೆಸ್ಕಿಯವರ ಪ್ರತಿಮೆಯೂ ಇದೆ.

ಆನೆಗೊಂದಿಯ ಇತಿಹಾಸಕ್ಕೆ ಹೀಗೆ ಕಣ್ಣಿಟ್ಟು ದುಡಿದ ನಮ್ಮ ಗುರುಗಳೊಬ್ಬರಿದ್ದಾರೆ: ಯೇಸುಸಭೆಯ ಹೆನ್ರಿ ಹೆರಾಸ್. ಸ್ಪೇನಿನಲ್ಲಿ ಹುಟ್ಟಿ, 1922ರಲ್ಲಿ ಮುಂಬಯಿಗೆ ಬಂದು, ವಿಜಯನಗರದ ಅರವೀಡು ವಂಶದ ಮೇಲೆ 1927ರಲ್ಲೂ ವಿಜಯನಗರದ ಆರಂಭದ ಮೇಲೆ 1929ರಲ್ಲೂ ಪುಸ್ತಕ ಬರೆದವರು. ಅವರ ವಿಷಯ ಇನ್ನೊಂದು ವಾರಕ್ಕಿರಲಿ.

ಮನೆಯಲ್ಲಿ ಕೂತು ಮಾತಾಡಲು ಎರಡು ಪ್ರಶ್ನೆ. ಮೂವತ್ತು ವರ್ಷ ಜನರೊಡನೆ ಬಾಳಿದ ದುಬ್ವಾ ಗುರುಗಳಿಗೆ ಕಾಣದ್ದು ಪೋಪ್‌ಗೆ ಕಂಡದ್ದು ಹೇಗೆ? ಪಕ್ಕದ ಮನೆಯವರು ದಿನವೂ ಹೇಳುವ ವಚನವೋ ಪದವೋ ಒಂದನ್ನಾದರೂ ಅರ್ಥಸಹಿತ ಹೇಳಬಲ್ಲವರು ನಿಮ್ಮ ಮನೆಯಲ್ಲಿ ಯಾರಿದ್ದಾರೆ? ದೊಡ್ಡವರಿಗಿಂತ ಮೊದಲು ಮಕ್ಕಳಿಂದ ಉತ್ತರ ಕೇಳಿರಿ.